ಕರ್ತೃತ್ವ ಮತ್ತು ಸ್ವಂತಿಕೆ: ವಿಕ್ಟೋರಿಯಾ ಯುಗದ ಇಂಗ್ಲೆಂಡು ಮತ್ತು ನಮ್ಮ ನಾಡು

ಒಂದು ಕೃತಿಯನ್ನು ಓದಿ ಮುಗಿಸಿದ ಮೇಲೆ ನಾವು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ ‘ಇದು ಹೇಗಿದೆ?’ ಎಂಬುದು. ‘ಇದು ಯಾರದು?’ ಎಂದು ಕೇಳುವವರು ಕಡಿಮೆ. ಮುಖಪುಟದ ಮೇಲೆ ಹೆಸರು ಅಚ್ಚಾಗಿರುವಾಗ ಆ ಪ್ರಶ್ನೆಗೆ ಎಡೆಯೇ ಇಲ್ಲವೆಂದು ನಮ್ಮ ತಿಳುವಳಿಕೆ. ಆದರೆ ಸಾಹಿತ್ಯದ ಇತಿಹಾಸವನ್ನು ಸ್ವಲ್ಪ ಆಳವಾಗಿ ನೋಡಿದರೆ, ಮುಖಪುಟದ ಹೆಸರು ಎಷ್ಟೋ ಸಲ ಪೂರ್ಣ ಸತ್ಯವನ್ನು ಹೇಳುವುದಿಲ್ಲವೆಂದೂ, ಕೆಲವು ಸಲ ಸತ್ಯವನ್ನು ಬೇಕೆಂದೇ ಮುಚ್ಚಿಡುತ್ತದೆಂದೂ ತಿಳಿದುಬರುತ್ತದೆ.

ಆಂಗ್ಲ ಸಾಹಿತ್ಯವನ್ನು ಅಭ್ಯಾಸ ಮಾಡುವ ನಮಗೆ ವಿಕ್ಟೋರಿಯಾ ಯುಗವೆಂದರೆ 1837ರಿಂದ 1901ರವರೆಗಿನ ಕಾಲ. ಡಿಕನ್ಸ್, ಥ್ಯಾಕರೆ, ಟೆನಿಸನ್, ಬ್ರೌನಿಂಗ್ ಮೊದಲಾದವರ ಹೆಸರುಗಳನ್ನು ಬಾಯಿಪಾಠ ಮಾಡುತ್ತೇವೆ. ಅದೇ ಅರವತ್ತನಾಲ್ಕು ವರುಷಗಳಲ್ಲಿ ನಮ್ಮ ನಾಡಿನಲ್ಲಿಯೂ ಸಾಹಿತ್ಯ ಹುಟ್ಟುತ್ತಲಿತ್ತೆಂಬುದನ್ನು ಮಾತ್ರ ಮರೆಯುತ್ತೇವೆ. ಹಲಗಲಿಯ ಬೇಡರ ಲಾವಣಿ, ಚುರಮುರಿಯವರ ಶಾಕುಂತಲ, ಬಿ. ವೆಂಕಟಾಚಾರ್ಯರ ಕಾದಂಬರಿಗಳು, ಮುದ್ದಣನ ಶ್ರೀರಾಮಾಶ್ವಮೇಧ, ಇವೆಲ್ಲ ಆ ರಾಣಿಯ ಕಾಲದವೇ. ಎರಡೂ ಕಡೆಗಳಲ್ಲಿ ‘ಕೃತಿ ಯಾರದು?’ ಎಂಬ ಪ್ರಶ್ನೆ ಎದ್ದಿತು. ಆದರೆ ಎದ್ದ ರೀತಿ ಬೇರೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸ್ವಂತಿಕೆಯೆಂಬ ಮಾತಿನ ಅರ್ಥ ನಮಗೆ ಹೆಚ್ಚು ಸ್ಪಷ್ಟವಾಗುತ್ತದೆಂದು ನನ್ನ ನಂಬಿಕೆ.

ಪ್ರಶ್ನೆಯ ಸ್ವರೂಪ

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳೋಣ. ನಮ್ಮ ವಡಗಾವಿಯಲ್ಲಿ ಮಗ್ಗದ ಮನೆಗಳು ಬಹಳ. ಅಲ್ಲಿಯ ಒಂದು ಸೀರೆಯನ್ನು ಎತ್ತಿ ಹಿಡಿದು ‘ಇದು ಯಾರದು?’ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲಿಕ್ಕಾಗದು. ನೂಲು ಬೇರೆ ಊರಿನಿಂದ ಬಂದದ್ದು. ದಡಿಯ ನಮೂನೆ ಹಿರಿಯರ ಕಾಲದಿಂದ ನಡೆದುಬಂದದ್ದು, ಇಲ್ಲವೆ ಇನ್ನೊಂದು ಊರಿನ ಸೀರೆಯನ್ನು ನೋಡಿ ಕಲಿತದ್ದು. ಬಣ್ಣ ಹಾಕಿದವರು ಒಬ್ಬರು, ಹಾಸು ಹೂಡಿದವರು ಇನ್ನೊಬ್ಬರು. ಆದರೂ ನೇಯ್ದವನು ಒಬ್ಬನಿದ್ದಾನೆ. ನೂಲು ಅವನದಲ್ಲವೆಂಬ ಕಾರಣಕ್ಕೆ ಸೀರೆ ಅವನ ಕೆಲಸವಲ್ಲವೆಂದು ಯಾರೂ ಹೇಳುವುದಿಲ್ಲ. ಅವನು ನೇಯ್ದನೆಂಬ ಕಾರಣಕ್ಕೆ ನೂಲನ್ನೂ ಅವನೇ ಹುಟ್ಟಿಸಿದನೆಂದು ಹೇಳುವುದೂ ಇಲ್ಲ.

ಸಾಹಿತ್ಯ ಕೃತಿಯ ವಿಷಯದಲ್ಲಿಯೂ ಹೀಗೆಯೇ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಒಂದು, ಕಥಾವಸ್ತು ಎಲ್ಲಿಂದ ಬಂತು? ಎರಡು, ಅದನ್ನು ಈ ರೂಪಕ್ಕೆ ತಂದ ಕೈ ಯಾರದು? ಮೂರು, ಇವೆರಡನ್ನೂ ಬರೆದವನು ಓದುವವನಿಗೆ ನಿಜವಾಗಿ ತಿಳಿಸಿದ್ದಾನೆಯೆ? ಮೊದಲನೆಯದು ಆಕರದ ಪ್ರಶ್ನೆ, ಎರಡನೆಯದು ಸ್ವಂತಿಕೆಯ ಪ್ರಶ್ನೆ, ಮೂರನೆಯದು ಪ್ರಾಮಾಣಿಕತೆಯ ಪ್ರಶ್ನೆ. ಈ ಮೂರನ್ನು ಕಲಸುವುದರಿಂದಲೇ ಹೆಚ್ಚಿನ ವಾದಗಳು ಹುಟ್ಟುತ್ತವೆ.

ಇಂಗ್ಲೆಂಡಿನಲ್ಲಿ ಲೇಖಕ ಒಡೆಯನಾದದ್ದು

ವಿಕ್ಟೋರಿಯಾ ಯುಗದ ಇಂಗ್ಲೆಂಡಿನಲ್ಲಿ ಕೃತಿಯೆಂಬುದು ಆಸ್ತಿಯಾಯಿತು. 1842ರ ಗ್ರಂಥಸ್ವಾಮ್ಯದ ಕಾಯಿದೆಯು ಲೇಖಕನ ಜೀವಿತಾವಧಿ ಮತ್ತು ಅವನ ಮರಣದ ನಂತರ 7 ವರುಷ, ಇಲ್ಲವೆ ಪ್ರಕಟವಾದಂದಿನಿಂದ 42 ವರುಷ, ಇವುಗಳಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ ಕೃತಿಯ ಮೇಲೆ ಹಕ್ಕನ್ನು ಕೊಟ್ಟಿತು. ಓದುಬರಹ ಬಲ್ಲವರ ಸಂಖ್ಯೆ ಹೆಚ್ಚಿತ್ತು. ಮಾಸಿಕಗಳಲ್ಲಿ ಕಾದಂಬರಿಗಳು ಕಂತುಕಂತಾಗಿ ಬರುತ್ತಿದ್ದವು. ಬರವಣಿಗೆಯಿಂದಲೇ ಜೀವನ ಸಾಗಿಸುವ ಲೇಖಕರು ಮುಂದೆ ಬಂದರು. ಅಂಥವರಿಗೆ ಈ ಕಾಯಿದೆ ಅನ್ನದ ಪ್ರಶ್ನೆಯಾಗಿತ್ತು.

ಆದರೆ ಕಾಯಿದೆಯಿದ್ದರೂ ಕಳವು ನಿಲ್ಲಲಿಲ್ಲ. 1843ರ ಡಿಸೆಂಬರಿನಲ್ಲಿ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’ ಪ್ರಕಟವಾದ ಕೆಲವೇ ವಾರಗಳಲ್ಲಿ ಅದರ ಮಾರ್ಪಡಿಸಿದ ಅಗ್ಗದ ಪ್ರತಿಯೊಂದು ಪೇಟೆಗೆ ಬಂದಿತು. ಡಿಕನ್ಸನು 1844ರಲ್ಲಿ ನ್ಯಾಯಾಲಯಕ್ಕೆ ಹೋದನು, ಗೆದ್ದನು. ಪ್ರತಿವಾದಿಗಳು ದಿವಾಳಿಯೆಂದು ಕೈ ಎತ್ತಿದರು. ಗೆದ್ದವನೇ ಸುಮಾರು 700 ಪೌಂಡುಗಳ ಖರ್ಚು ಹೊರಬೇಕಾಯಿತು.

ನಾಟಕದ ಸ್ಥಿತಿ ಇನ್ನೂ ವಿಚಿತ್ರ. ಲಂಡನ್ನಿನ ರಂಗಭೂಮಿ ಆಗ ಬಹುಮಟ್ಟಿಗೆ ಫ್ರೆಂಚ್ ನಾಟಕಗಳ ಮೇಲೆ ನಿಂತಿತ್ತು. 1863ರಲ್ಲಿ ಬಹು ಜನಪ್ರಿಯವಾದ ಟಾಮ್ ಟೇಲರನ ‘ದಿ ಟಿಕೆಟ್ ಆಫ್ ಲೀವ್ ಮ್ಯಾನ್’ ಎಂಬ ನಾಟಕದ ಮೂಲ ಫ್ರೆಂಚಿನದು. 1852ರ ಕಾಯಿದೆಯಂತೂ ಆಂಗ್ಲ ರಂಗಭೂಮಿಗೆ ನ್ಯಾಯವಾದ ರೀತಿಯಲ್ಲಿ ಅಳವಡಿಸಿಕೊಳ್ಳುವುದನ್ನು ತಪ್ಪೆಂದು ಎಣಿಸಲಿಲ್ಲ. ತನ್ನ ಲೇಖಕರ ಆಸ್ತಿಯನ್ನು ಕಾಯ್ದ ದೇಶವೇ ನೆರೆಯವರ ಆಸ್ತಿಗೆ ಬೇಲಿ ಬೇಡವೆಂದಿತು. ಇದನ್ನು ಖಂಡಿಸಿ ಚಾರ್ಲ್ಸ್ ರೀಡ್ ಎಂಬ ಕಾದಂಬರಿಕಾರ 1860ರಲ್ಲಿ ‘ದಿ ಏಯ್ತ್ ಕಮಾಂಡ್‌ಮೆಂಟ್’ ಎಂಬ ಗ್ರಂಥ ಬರೆದನು. ‘ಕದಿಯಬೇಡ’ ಎಂಬ ದೇವಾಜ್ಞೆಯನ್ನೇ ಅದಕ್ಕೆ ಹೆಸರಾಗಿಟ್ಟನು. ಮುಂದೆ ಅವನ ಮೇಲೆಯೇ ಕೃತಿಚೌರ್ಯದ ಆರೋಪ ಬಂದಿತೆಂಬುದು ವಿಪರ್ಯಾಸ.

ಇದಕ್ಕೆ ಎದುರಾಗಿ ಟೆನಿಸನ್ನನನ್ನು ನೋಡಿರಿ. 1859ರಿಂದ ಪ್ರಕಟವಾಗತೊಡಗಿದ ‘ಐಡಿಲ್ಸ್ ಆಫ್ ದಿ ಕಿಂಗ್’ ಕಾವ್ಯದ ಆರ್ಥರ್ ರಾಜನ ಕಥೆ ಬಹುಮಟ್ಟಿಗೆ ಮ್ಯಾಲೊರಿಯದು. ಮ್ಯಾಲೊರಿಯ ಗ್ರಂಥ 1485ರಲ್ಲಿಯೇ ಅಚ್ಚಾಗಿತ್ತು. ಟೆನಿಸನ್ನನನ್ನು ಇದಕ್ಕಾಗಿ ಕಳ್ಳನೆಂದು ಯಾರೂ ಕರೆಯಲಿಲ್ಲ. ಏಕೆಂದರೆ ಮೂಲವು ಎಲ್ಲರಿಗೂ ತಿಳಿದದ್ದು, ಅವನು ಅದನ್ನು ಮುಚ್ಚಿಟ್ಟಿರಲಿಲ್ಲ. ನಮ್ಮ ಪಂಪನು ವ್ಯಾಸನಿಂದ ಭಾರತವನ್ನು ತೆಗೆದುಕೊಂಡಂತೆಯೇ ಇದು.

ಹೆಸರು ಮುಚ್ಚಿಟ್ಟವರು

ಇಷ್ಟು ಆಸ್ತಿಪ್ರಜ್ಞೆಯಿದ್ದ ಕಾಲದಲ್ಲಿಯೇ ಎಷ್ಟೋ ದೊಡ್ಡ ಲೇಖಕರು ತಮ್ಮ ಹೆಸರನ್ನು ಮುಚ್ಚಿಟ್ಟರು. ಬ್ರಾಂಟೆ ಸೋದರಿಯರು ಮೂವರೂ 1846ರಲ್ಲಿ ಕರರ್, ಎಲಿಸ್, ಆಕ್ಟನ್ ಬೆಲ್ ಎಂಬ ಹೆಸರುಗಳಿಂದ ತಮ್ಮ ಹಣದಲ್ಲಿಯೇ ಕವನಗಳನ್ನು ಅಚ್ಚು ಹಾಕಿಸಿದರು. ಮಾರಾಟವಾದದ್ದು ಎರಡೇ ಪ್ರತಿ. ಮುಂದೆ ಕಾದಂಬರಿಗಳು ಹೆಸರು ಮಾಡಿದಾಗ, ಮೂವರೂ ಒಬ್ಬರೇ ಎಂಬ ಮಾತು ಹುಟ್ಟಿಕೊಂಡಿತು. ತಾವು ಬೇರೆ ಬೇರೆಯವರೆಂದು ತೋರಿಸಲು ಷಾರ್ಲೊಟ್ ಮತ್ತು ಆ್ಯನ್ ಇಬ್ಬರೂ 1848ರ ಜುಲೈಯಲ್ಲಿ ಲಂಡನ್ನಿಗೆ ಹೋಗಿ ಪ್ರಕಾಶಕರ ಮುಂದೆ ನಿಲ್ಲಬೇಕಾಯಿತು. ಹೆಣ್ಣುಮಕ್ಕಳ ಬರಹವೆಂದೊಡನೆ ಅಳೆಯುವ ಕೋಲೇ ಬೇರೆಯಾಗುತ್ತಿದ್ದ ಕಾಲವದು.

ಮೇರಿ ಆ್ಯನ್ ಇವಾನ್ಸಳು ಜಾರ್ಜ್ ಎಲಿಯಟ್ ಎಂಬ ಹೆಸರಿನಿಂದ 1857ರಲ್ಲಿ ಕಥೆಗಳನ್ನು ಪ್ರಕಟಿಸತೊಡಗಿದಾಗ, ಅವಳ ಸೀಮೆಯ ಜನ ಆ ಕಥೆಗಳಲ್ಲಿ ತಮ್ಮ ಊರಿನ ಗುರುತುಗಳನ್ನು ಕಂಡರು. ಬರೆದವನು ನನ್‌ಈಟನ್ ಊರಿನ ಲಿಗಿನ್ಸ್ ಎಂಬಾತನೇ ಇರಬೇಕೆಂದು ಸುದ್ದಿ ಹಬ್ಬಿತು. ಲಿಗಿನ್ಸನೂ ಅದನ್ನು ಅಲ್ಲಗಳೆಯಲಿಲ್ಲ. ‘ಪಾಪ, ಬರೆದದ್ದಕ್ಕೆ ಅವನಿಗೆ ಪ್ರಕಾಶಕರಿಂದ ಹಣವೇ ಬರಲಿಲ್ಲವಂತೆ’ ಎಂದು ಮರುಗಿ ಅವನಿಗಾಗಿ ಹಣ ಕೂಡಿಸುವವರೆಗೂ ಮಾತು ಬೆಳೆಯಿತು. ಕಡೆಗೆ 1859ರಲ್ಲಿ ಅವಳು ತಾನೇ ಲೇಖಕಿಯೆಂದು ಹೊರಗೆ ಬರಬೇಕಾಯಿತು. ನಿಜವಾದ ಲೇಖಕಿ ಹೆಸರನ್ನು ತೆರವಾಗಿಟ್ಟರೆ ಅಲ್ಲಿ ಬಂದು ಕೂಡಲು ಇನ್ನೊಬ್ಬನು ಸಿದ್ಧನಿರುತ್ತಾನೆ ಎಂಬುದಕ್ಕೆ ಇದು ಸಾಕ್ಷಿ.

ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳ ಪ್ರಸಂಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಪತಿಯ ಮೇಲಿನ ಪ್ರೇಮದಿಂದ ಹುಟ್ಟಿದ ತನ್ನ ಸುನೀತಗಳನ್ನು 1850ರಲ್ಲಿ ಪ್ರಕಟಿಸುವಾಗ ಅವಳು ‘ಸಾನೆಟ್ಸ್ ಫ್ರಮ್ ದಿ ಪೋರ್ಚುಗೀಸ್’ ಎಂದು ಹೆಸರಿಟ್ಟಳು. ನೋಡಿದವರಿಗೆ ಅದು ಪೋರ್ಚುಗೀಸಿನಿಂದ ಮಾಡಿದ ಭಾಷಾಂತರವೆಂದು ತೋರಬೇಕು. ನಿಜವಾಗಿ ಯಾವ ಪೋರ್ಚುಗೀಸ್ ಮೂಲವೂ ಇಲ್ಲ. ಅನ್ಯರದನ್ನು ತನ್ನದೆನ್ನುವವರ ನಡುವೆ ಇವಳು ತನ್ನದನ್ನು ಅನ್ಯರದೆಂದಳು. ಮನಸ್ಸಿನ ಗುಟ್ಟನ್ನು ಲೋಕದ ಮುಂದೆ ಇಡುವ ಸಂಕೋಚವೇ ಇದಕ್ಕೆ ಕಾರಣ.

ನಮ್ಮ ಹಳೆಯ ಪದ್ಧತಿ

ಇನ್ನು ನಮ್ಮ ನಾಡಿನತ್ತ ತಿರುಗೋಣ. ಕೃತಿ ಆಸ್ತಿಯೆಂಬ ಭಾವನೆ ನಮ್ಮಲ್ಲಿ ಹಳೆಯದಲ್ಲ. ಆದರೆ ಋಣವೆಂಬ ಭಾವನೆ ಬಹು ಹಳೆಯದು. ಗದುಗಿನ ನಾರಣಪ್ಪನು ‘ಕುಮಾರವ್ಯಾಸ’ ಎಂದು ಕರೆದುಕೊಂಡನು. ವ್ಯಾಸನ ಮಗನೆಂಬ ಈ ಹೆಸರಿನಲ್ಲಿಯೇ ವಸ್ತು ಎಲ್ಲಿಂದ ಬಂತೆಂಬ ಒಪ್ಪಿಗೆಯಿದೆ. ಹಾಗೆಂದು ಅವನ ಭಾರತ ವ್ಯಾಸಭಾರತದ ನಕಲೆಂದು ಕನ್ನಡಿಗನೊಬ್ಬನೂ ಹೇಳಲಾರ. ಆಕರವನ್ನು ಒಪ್ಪಿಕೊಂಡದ್ದರಿಂದ ಸ್ವಂತಿಕೆ ಕುಂದುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ವಚನಕಾರರೂ ದಾಸರೂ ತಮ್ಮ ಹೆಸರಿನ ಸ್ಥಳದಲ್ಲಿ ಇಷ್ಟದೈವದ ಅಂಕಿತವನ್ನಿಟ್ಟರು. ಲಾವಣಿಕಾರರಲ್ಲಿಯೂ ಈ ಪದ್ಧತಿ ಉಳಿಯಿತು. 1857ರಲ್ಲಿ ಸರಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಎದುರು ನಿಂತು ಮಡಿದರು. ಅವರ ಮೇಲಿನ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಕುರ್ತಕೋಟಿಯೆಂದರೆ ಗದಗ ಸೀಮೆಯ ಊರು, ಕಲ್ಮೇಶನೆಂದರೆ ಅಲ್ಲಿಯ ದೇವರು. ಕಟ್ಟಿದವನು ತನ್ನ ಊರನ್ನೂ ದೇವರನ್ನೂ ಹೇಳಿ ತನ್ನನ್ನು ಹಿಂದೆ ಇಟ್ಟುಕೊಂಡನು. ಇಂಥ ಲಾವಣಿಗಳನ್ನು ಮುಂಬಯಿ ಸರಕಾರದ ಅಧಿಕಾರಿ ಜೆ. ಎಫ್. ಫ್ಲೀಟರು ಸಂಗ್ರಹಿಸಿ 1885ರಿಂದ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ನಮ್ಮ ಜಿಲ್ಲೆಯ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅವುಗಳಲ್ಲಿದೆ. ಫ್ಲೀಟರ ಉಪಕಾರ ದೊಡ್ಡದು. ಅವರು ಅಚ್ಚು ಹಾಕಿಸದಿದ್ದರೆ ಎಷ್ಟೋ ಹಾಡುಗಳು ಅಳಿದುಹೋಗುತ್ತಿದ್ದವು. ಆದರೆ ಫಲವೇನಾಯಿತೆಂದರೆ, ಸಂಗ್ರಹಿಸಿದವರ ಹೆಸರು ಗ್ರಂಥಾಲಯಗಳಲ್ಲೆಲ್ಲ ನಿಂತಿತು, ಕಟ್ಟಿದವನ ಹೆಸರು ಅಂಕಿತದ ಹಿಂದೆಯೇ ಉಳಿಯಿತು. ಬಾಯಿಂದ ಬಾಯಿಗೆ ಹಾಡು ನಡೆಯುವಾಗ ಅಂಕಿತ ಸಾಕಿತ್ತು. ಅಚ್ಚಿನ ಲೋಕಕ್ಕೆ ಬಂದಾಗ ಸಾಲದಾಯಿತು.

ಹಳೆಯ ಗ್ರಂಥಗಳು ಅಚ್ಚಿಗೆ ಬಂದಾಗಲೂ ಇದೇ ತೊಡಕು. 1898ರಲ್ಲಿ ಕೆ. ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ ಹೊರಬಂದಿತು. ರಾಷ್ಟ್ರಕೂಟರ ನೃಪತುಂಗನೇ ಅದರ ಕರ್ತೃವೆಂದು ಪಾಠಕರ ಮತ. ಆದರೆ ಗ್ರಂಥದಲ್ಲಿರುವುದು ಅದು ನೃಪತುಂಗನಿಗೆ ಸಮ್ಮತವಾದದ್ದೆಂಬ ಅರ್ಥದ ಮಾತು. ಸಮ್ಮತಿ ಕೊಟ್ಟವನೂ ಬರೆದವನೂ ಒಬ್ಬನೇ ಆಗಬೇಕೆ? ಬರೆದವನು ಅರಸನ ಆಸ್ಥಾನದ ಶ್ರೀವಿಜಯನೆಂದು ಬೇರೆ ವಿದ್ವಾಂಸರು ವಾದಿಸಿದರು, ಇಂದು ಬಹುಮಂದಿ ಒಪ್ಪಿರುವುದೂ ಅದನ್ನೇ. ಒಂದು ಶಬ್ದವನ್ನು ಎಷ್ಟು ಎಚ್ಚರಿಕೆಯಿಂದ ಓದಬೇಕೆಂಬುದಕ್ಕೆ ಈ ಚರ್ಚೆ ಒಳ್ಳೆಯ ಪಾಠ.

ಕಾಯಿದೆಯೂ ಈ ಕಾಲದಲ್ಲಿಯೇ ನಮ್ಮಲ್ಲಿಗೆ ಬಂದಿತು. ಇಂಗ್ಲೆಂಡಿನ ಮಾದರಿಯಲ್ಲಿಯೇ 1847ರಲ್ಲಿ ಹಿಂದುಸ್ತಾನಕ್ಕೆ ಗ್ರಂಥಸ್ವಾಮ್ಯದ ಕಾಯಿದೆ ಆಯಿತು. 1867ರ ಮುದ್ರಣಾಲಯ ಮತ್ತು ಗ್ರಂಥ ನೋಂದಣಿಯ ಕಾಯಿದೆಯು ಪ್ರತಿ ಗ್ರಂಥದ ಮೇಲೆ ಮುದ್ರಿಸಿದವರ ಹೆಸರು, ಮುದ್ರಿಸಿದ ಸ್ಥಳ, ಪ್ರಕಾಶಕರ ಹೆಸರು ಇರಬೇಕೆಂದು ವಿಧಿಸಿತು. ಗ್ರಂಥದ ಮೇಲೆ ಬರೆದವನ ಹೆಸರು ಇರಲೇಬೇಕೆಂದು ಅದು ವಿಧಿಸಲಿಲ್ಲ. ಸರಕಾರಕ್ಕೆ ಬೇಕಾದದ್ದು ಯಾರನ್ನು ಹಿಡಿಯಬೇಕೆಂಬ ತಿಳುವಳಿಕೆಯೇ ಹೊರತು, ಯಾರನ್ನು ನೆನೆಯಬೇಕೆಂಬುದಲ್ಲ.

ಭಾಷಾಂತರದ ಸರಪಳಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡ ಗದ್ಯವು ಬಹುಮಟ್ಟಿಗೆ ಭಾಷಾಂತರ ಮತ್ತು ರೂಪಾಂತರಗಳಿಂದ ಬೆಳೆಯಿತು. ಬಿ. ವೆಂಕಟಾಚಾರ್ಯರ ‘ಭ್ರಾಂತಿವಿಲಾಸ’ 1876ರದು. ಅದರ ಮೂಲ 1869ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಬಂಗಾಲಿಯಲ್ಲಿ ಬರೆದ ಅದೇ ಹೆಸರಿನ ಕೃತಿ. ವಿದ್ಯಾಸಾಗರರ ಮೂಲ ಶೇಕ್ಸ್‌ಪಿಯರನ ‘ದಿ ಕಾಮೆಡಿ ಆಫ್ ಎರರ್ಸ್’. ಶೇಕ್ಸ್‌ಪಿಯರನಿಗೆ ಅವಳಿಗಳ ಈ ಕಥೆ ದೊರೆತದ್ದು ಎರಡು ಸಾವಿರ ವರುಷಗಳಿಗೂ ಹಿಂದಿನ ರೋಮನ್ ಕವಿ ಪ್ಲಾಟಸನಿಂದ. ಈ ಸರಪಳಿಯಲ್ಲಿ ಯಾವ ಕೊಂಡಿಯನ್ನು ಸ್ವಂತವೆನ್ನಬೇಕು, ಯಾವುದನ್ನು ಕಡವೆನ್ನಬೇಕು? ವಸ್ತುವನ್ನೇ ಅಳತೆಗೋಲು ಮಾಡಿಕೊಂಡರೆ ಶೇಕ್ಸ್‌ಪಿಯರನೂ ಕಡಗಾರನೇ. ಕೈಯನ್ನು ನೋಡಿದರೆ ಪ್ರತಿಯೊಬ್ಬರಿಗೂ ಅವರವರ ಪಾಲು ಸಲ್ಲುತ್ತದೆ.

ಇನ್ನೊಂದು ಉದಾಹರಣೆ ಬಂಕಿಮಚಂದ್ರರ ‘ದುರ್ಗೇಶನಂದಿನಿ’. ಇದು 1865ರಲ್ಲಿ ಬಂದಾಗ, ಸ್ಕಾಟನ ‘ಐವನ್ಹೋ’ವನ್ನು ಹೋಲುತ್ತದೆಂದು ಕೆಲವರು ಎತ್ತಿ ಆಡಿದರು. ತಾವು ಬರೆಯುವ ಮುಂಚೆ ಅದನ್ನು ಓದಿಯೇ ಇರಲಿಲ್ಲವೆಂದು ಬಂಕಿಮರು ಹೇಳಿದರು. ಅದೇ ಕಾದಂಬರಿಯನ್ನು ವೆಂಕಟಾಚಾರ್ಯರು 1885ರಲ್ಲಿ ಕನ್ನಡಕ್ಕೆ ತಂದರು. ಹೋಲಿಕೆಯೊಂದೇ ಕಳವಿಗೆ ಪ್ರಮಾಣವಲ್ಲ. ಇಬ್ಬರು ಒಂದೇ ಬಗೆಯ ಕಥಾಸಂಪ್ರದಾಯದಲ್ಲಿ ಬರೆದರೆ ಹೋಲಿಕೆ ಬರುವುದುಂಟು. ಆರೋಪ ಹೊರಿಸುವವನು ಇದನ್ನು ಮರೆಯಬಾರದು.

ಮುದ್ದಣನ ಪ್ರಸಂಗ

ಈಗ ನಮ್ಮ ಮುಖ್ಯ ಉದಾಹರಣೆಗೆ ಬರೋಣ. ಉಡುಪಿ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಶಾಲೆಯಲ್ಲಿ ಅಂಗಸಾಧನೆಯ ಶಿಕ್ಷಕನಾಗಿದ್ದನು. ಯಕ್ಷಗಾನ ಪ್ರಸಂಗಗಳನ್ನು ಬರೆದವನು, ಹಳಗನ್ನಡವನ್ನು ಚೆನ್ನಾಗಿ ಅರಗಿಸಿಕೊಂಡವನು. ಮೈಸೂರಿನಲ್ಲಿ ಆಗ ‘ಕಾವ್ಯಮಂಜರಿ’ ಮತ್ತು ‘ಕರ್ಣಾಟಕ ಕಾವ್ಯಕಲಾನಿಧಿ’ ಎಂಬ ಮಾಲೆಗಳಲ್ಲಿ ಹಳೆಯ ಕಾವ್ಯಗಳು ಪ್ರಕಟವಾಗುತ್ತಿದ್ದವು. ಅಲ್ಲಿಗೆ ಅವನು ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಎಂಬ ಮೂರು ಕೃತಿಗಳನ್ನು ಕಳಿಸಿದನು. ತಾನು ಬರೆದದ್ದೆಂದು ಹೇಳಲಿಲ್ಲ, ಹಳೆಯ ಗ್ರಂಥಗಳ ಪ್ರತಿಯೆಂದನು. 1895ರಿಂದ 1901ರೊಳಗೆ ಅವು ಹಳೆಯವೆಂದೇ ಅಚ್ಚಾದವು.

1901ರ ಜನವರಿಯಲ್ಲಿ ರಾಣಿ ವಿಕ್ಟೋರಿಯಾ ತೀರಿಕೊಂಡಳು. ಮರುತಿಂಗಳು ಮುದ್ದಣನು ಕ್ಷಯರೋಗದಿಂದ ತೀರಿಕೊಂಡನು. ಆಗ ಅವನಿಗೆ ಮೂವತ್ತೊಂದು ವರುಷ. ‘ರಾಮಾಶ್ವಮೇಧ’ದ ಕರ್ತೃ ಅವನೇ ಎಂಬುದು ನಾಡಿಗೆಲ್ಲ ತಿಳಿದು ನೆಲೆಗೊಂಡದ್ದು ಅವನ ಮರಣದ ನಂತರ. ಇಂದು ಪ್ರತಿಯೊಂದು ಸಾಹಿತ್ಯ ಚರಿತ್ರೆಯಲ್ಲಿರುವ ಅವನ ಹೆಸರನ್ನು ಅವನು ಆ ಸ್ಥಾನದಲ್ಲಿ ಕಾಣಲಿಲ್ಲ.

ಅವನು ಏಕೆ ಹೀಗೆ ಮಾಡಿದನು? ಊಹಿಸುವುದು ಕಷ್ಟವಲ್ಲ. ಹಳೆಯದಕ್ಕೆ ಮಾತ್ರ ಮನ್ನಣೆಯಿದ್ದ ಪೀಠಕ್ಕೆ ಹೊಸದನ್ನು ಒಯ್ಯಬೇಕಾದರೆ ಹಳೆಯ ವೇಷ ಬೇಕಾಯಿತು. ದೂರದ ಊರಿನ ಅಂಗಸಾಧನೆಯ ಶಿಕ್ಷಕನ ಹೊಸ ಕಾವ್ಯವನ್ನು ಅಲ್ಲಿ ಯಾರು ಕೇಳುತ್ತಿದ್ದರು? ಬ್ರಾಂಟೆ ಸೋದರಿಯರು ಗಂಡಸರ ಹೆಸರನ್ನು ಹೊದ್ದರು, ಇವನು ಪ್ರಾಚೀನತೆಯನ್ನು ಹೊದ್ದನು. ಎರಡಕ್ಕೂ ಕಾರಣ ಒಂದೇ. ಬರಹವನ್ನು ನೋಡುವುದಕ್ಕೆ ಮುಂಚೆ ಬರೆದವರ ಅಂತಸ್ತನ್ನು ನೋಡುವ ಲೋಕದ ರೂಢಿಯೇ ಅದು.

‘ರಾಮಾಶ್ವಮೇಧ’ದ ಕಥೆ ಪದ್ಮಪುರಾಣದ್ದು. ಆದುದರಿಂದ ವಸ್ತು ಅವನದಲ್ಲ. ಆದರೆ ಆ ಕಥೆಯನ್ನು ಮುದ್ದಣನೆಂಬವನು ತನ್ನ ಹೆಂಡತಿ ಮನೋರಮೆಗೆ ಹೇಳುತ್ತಾನೆ. ಅವಳು ಸುಮ್ಮನೆ ಕೇಳುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಸಂಸ್ಕೃತ ಬೆರೆತು ಬಿಗಿಯಾದರೆ ಆಕ್ಷೇಪಿಸುತ್ತಾಳೆ, ನಡುನಡುವೆ ತಡೆದು ಕೇಳುತ್ತಾಳೆ, ನಗಿಸುತ್ತಾಳೆ. ಭಾಷೆ ಹಳೆಯದು, ಆದರೆ ಮನೆಯೊಳಗಿನ ಈ ಗಂಡಹೆಂಡಿರ ಸಲ್ಲಾಪ ಹೊಸದು. ಓದುಗನೇ ಕೃತಿಯೊಳಗೆ ಬಂದು ಕವಿಯನ್ನು ಪ್ರಶ್ನಿಸುವ ಈ ಬಗೆ ಹೊಸದು. ತನ್ನ ಹೆಸರನ್ನು ಮುಖಪುಟದಲ್ಲಿ ಮುಚ್ಚಿಟ್ಟವನು ಮನೆಯವರು ಕರೆಯುವ ಮುದ್ದಿನ ಹೆಸರನ್ನು ಕೃತಿಯ ಒಳಗೇ ಇಟ್ಟಿದ್ದನು.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಕೃತಿ ಚೆನ್ನಾಗಿದ್ದರೆ ಸಾಲದೆ? ಬರೆದವನು ಯಾರಾದರೇನು?’ ಎಂದು. ಸಾಲದೆಂದು ನನ್ನ ಉತ್ತರ. ಅದೇ ‘ರಾಮಾಶ್ವಮೇಧ’ವನ್ನು ಹಳೆಯ ಕವಿಯೊಬ್ಬನದೆಂದು ಓದಿದರೆ ಅದು ಹಳಗನ್ನಡದ ಒಂದು ವಿಚಿತ್ರ ಗ್ರಂಥ ಮಾತ್ರ. 1901ರ ಹೊತ್ತಿನ ತರುಣನೊಬ್ಬನದೆಂದು ಓದಿದರೆ ಹೊಸಗನ್ನಡದ ಮುಂಗೋಳಿಯ ಕೂಗು. ಅಕ್ಷರ ಒಂದೂ ಬದಲಾಗಿಲ್ಲ, ಅರ್ಥ ಬದಲಾಯಿತು. ಬ್ರೌನಿಂಗಳ ಸುನೀತಗಳೂ ಹೀಗೆಯೇ. ಭಾಷಾಂತರವೆಂದು ಓದಿದರೆ ಅಭ್ಯಾಸ, ಸ್ವಂತವೆಂದು ಓದಿದರೆ ಒಬ್ಬ ಹೆಣ್ಣಿನ ಹೃದಯದ ಮಾತು. ಕರ್ತೃವಿನ ಹೆಸರು, ಕಾಲ, ಸ್ಥ��ಗಳು ಮುಖಪುಟದ ಅಲಂಕಾರವಲ್ಲ, ಅವು ಅರ್ಥದ ಭಾಗ.

ಗಡಿಯ ಎರಡು ಕಡೆ

ಈ ಪ್ರಶ್ನೆ ನಮ್ಮ ಬೆಳಗಾವಿಯಲ್ಲಿ ಬರಿಯ ಪಾಠದ ವಿಷಯವಲ್ಲ. ಎರಡು ಭಾಷೆಗಳು ಒಂದೇ ಓಣಿಯಲ್ಲಿ ಬಾಳುವ ಊರು ಇದು. ‘ಅವರದೆಲ್ಲ ನಮ್ಮಿಂದ ಹೋದದ್ದು’ ಎಂಬ ಮಾತು ಎರಡೂ ಕಡೆಯಿಂದ ಕೇಳಿಬರುತ್ತದೆ. ಆದುದರಿಂದ ಕೆಲವು ಸಂಗತಿಗಳನ್ನು ಸಮಾಧಾನದಿಂದ ನೋಡುವುದು ಒಳ್ಳೆಯದು.

1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿ ಮೆಚ್ಚಿದ ಅಲ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಅಂಥದೇ ಆಟವನ್ನು ಮರಾಠಿಯಲ್ಲಿ ಮಾಡಲು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರ ‘ಸೀತಾಸ್ವಯಂವರ’ ಆಡಲ್ಪಟ್ಟಿತು. ಮರಾಠಿ ರಂಗಭೂಮಿಯ ಆರಂಭ ಅದೆಂದು ಎಣಿಸುತ್ತಾರೆ. ವಡಗಾವಿಗೆ ಹೊಂದಿರುವ ಶಹಾಪುರವೂ 1948ರ ವಿಲೀನೀಕರಣದವರೆಗೆ ಇದೇ ಸಾಂಗಲಿ ಸಂಸ್ಥಾನದಲ್ಲಿತ್ತು. ಗಮನಿಸಬೇಕಾದ ಮಾತೆಂದರೆ, ಕನ್ನಡದ ಈ ಋಣವನ್ನು ಮರಾಠಿ ರಂಗಭೂಮಿಯ ಚರಿತ್ರೆಕಾರರೇ ಬರೆದಿಟ್ಟಿದ್ದಾರೆ. ಅದರಿಂದ ಭಾವೆಯವರ ಕೀರ್ತಿಗೆ ಕುಂದು ಬಂದಿಲ್ಲ, ನಮ್ಮ ಭಾಗವತರಿಗೂ ಮನ್ನಣೆ ದೊರೆಯಿತು.

ಎರಡನೆಯ ಪ್ರಸಂಗ ಶಾಕುಂತಲದ್ದು. ಧಾರವಾಡ ಸೀಮೆಯ ಶೇಷಗಿರಿರಾವ್ ಚುರಮುರಿಯವರು 1870ರ ಸುಮಾರಿಗೆ ಕಾಳಿದಾಸನ ಶಾಕುಂತಲವನ್ನು ಜನ ಹಾಡಬಲ್ಲ ಮಟ್ಟುಗಳಲ್ಲಿ ಕನ್ನಡಕ್ಕೆ ತಂದರು. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಬಳವಂತ ಪಾಂಡುರಂಗ ಕಿರ್ಲೋಸ್ಕರ ಅವರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಮರಾಠಿ ‘ಸಂಗೀತ ಶಾಕುಂತಲ’ವನ್ನು ಆಡಿಸಿದರು. ಅಲ್ಲಿಂದ ಮರಾಠಿ ಸಂಗೀತ ನಾಟಕದ ವೈಭವ ಮೊದಲಾಯಿತು. ಕಿರ್ಲೋಸ್ಕರರ ಹಾಡುಗಳಿಗೆ ಚುರಮುರಿಯವರ ನಾಟಕವೂ ಇಲ್ಲಿಯ ಬಯಲಾಟಗಳ ಧಾಟಿಯೂ ಪ್ರೇರಣೆಯೆಂದು ಕನ್ನಡದ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಇಲ್ಲಿಯೂ ನಮ್ಮ ಮೂರು ಪ್ರಶ್ನೆಗಳನ್ನೇ ಕೇಳಬೇಕು. ವಸ್ತು ಇಬ್ಬರಿಗೂ ಕಾಳಿದಾಸನದು. ಮಟ್ಟುಗಳು ಈ ಸೀಮೆಯ ಗಾಳಿಯಲ್ಲಿದ್ದವು, ಈ ಸೀಮೆಯಲ್ಲಿ ಹುಟ್ಟಿದವರ ಕಿವಿಗೆ ಅವು ಬಿದ್ದದ್ದು ಸಹಜ. ಆದರೆ ಅವನ್ನು ಪುಣೆಯ ರಂಗಕ್ಕೆ ಹೊಂದಿಸಿ ಒಂದು ಹೊಸ ನಾಟಕ ಪ್ರಕಾರವನ್ನು ನಿಲ್ಲಿಸಿದ ಕೈ ಕಿರ್ಲೋಸ್ಕರರದು. ಪ್ರೇರಣೆ ಕೊಟ್ಟದ್ದಕ್ಕಾಗಿ ಚುರಮುರಿಯವರನ್ನು ನೆನೆಯಬೇಕು. ನೆನೆದರೆ ಕಿರ್ಲೋಸ್ಕರರಿಗೆ ನಷ್ಟವಿಲ್ಲ.

ಇನ್ನು ಕೊಡು–ಕೊಳ್ಳುವಿಕೆಯ ಎದುರು ದಿಕ್ಕನ್ನು ನೋಡೋಣ. ಗಳಗನಾಥರು ಕನ್ನಡ ಜನಕ್ಕೆ ಕಾದಂಬರಿ ಓದುವ ರುಚಿ ಹಚ್ಚಿದವರು, ತಮ್ಮ ಗ್ರಂಥಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರ ‘ಕನ್ನಡಿಗರ ಕರ್ಮಕಥೆ’ಯ ಮೂಲ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿ ‘ವಜ್ರಾಘಾತ’. ಕಥೆಯೋ ವಿಜಯನಗರದ ಪತನದ್ದು. ಕನ್ನಡ ನಾಡಿನ ಇತಿಹಾಸ ಮರಾಠಿಗೆ ಹೋಗಿ ಕಾದಂಬರಿಯಾಗಿ ಮತ್ತೆ ಕನ್ನಡಕ್ಕೆ ಬಂದಿತು. ಹೋದದ್ದನ್ನು ಮಾತ್ರ ಎಣಿಸಿ ಬಂದದ್ದನ್ನು ಎಣಿಸದಿದ್ದರೆ ಲೆಕ್ಕ ಸರಿಹೋಗದು.

ಪರೀಕ್ಷಿಸುವ ಬಗೆ

ಮೇಲಿನ ಚರ್ಚೆಯಿಂದ ವಿದ್ಯಾರ್ಥಿಗಳು ಹಿಡಿದುಕೊಳ್ಳಬೇಕಾದ ಕ್ರಮ ಇಷ್ಟು. ಕೃತಿಯೊಂದು ಕೈಗೆ ಬಂದಾಗ ಮೊದಲು ಅದು ಅಚ್ಚಾದ ವರುಷ, ಸ್ಥಳ, ಮುನ್ನುಡಿಗಳನ್ನು ನೋಡಬೇಕು. ಮೂಲದ ಹೆಸರನ್ನು ಲೇಖಕನು ಹೇಳಿದ್ದಾನೆಯೆ ಎಂದು ನೋಡಬೇಕು. ಬಿ. ಎಂ. ಶ್ರೀಯವರು ತಮ್ಮ ಸಂಗ್ರಹಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟದ್ದು ಇದಕ್ಕೆ ಆದರ್ಶ. 1926ರ ಆ ಗ್ರಂಥದ ಕವನಗಳು ಹೆಚ್ಚಾಗಿ ಭಾಷಾಂತರಗಳು, ಆದರೂ ಕನ್ನಡ ಕವಿತೆಯ ದಾರಿಯನ್ನೇ ಅವು ತಿರುಗಿಸಿದವು. ಮೂಲ ಸಿಕ್ಕರೆ ಎರಡನ್ನೂ ಎದುರಿಗಿಟ್ಟುಕೊಂಡು ಏನು ಉಳಿಯಿತು, ಏನು ಬಿಟ್ಟುಹೋಯಿತು, ಏನು ಹೊಸದಾಗಿ ಸೇರಿತು ಎಂದು ಬರೆದುಕೊಳ್ಳಬೇಕು. ಹೊಸದಾಗಿ ಸೇರಿದ್ದರಲ್ಲಿಯೇ ಸ್ವಂತಿಕೆ ಕಾಣುವುದು. ಹೋಲಿಕೆ ಕಂಡೊಡನೆ ಕಳವೆನ್ನಬಾರದು. ಹೆಸರಿಲ್ಲದಿದ್ದರೆ ಅನಾಥವೆಂದೂ ಎಣಿಸಬಾರದು, ಅಂಕಿತವನ್ನು ಹುಡುಕಬೇಕು.

ನಮ್ಮ ದೇಶದಲ್ಲಿ ಇಂದು ನಡೆಯುತ್ತಿರುವುದು 1957ರ ಗ್ರಂಥಸ್ವಾಮ್ಯದ ಕಾಯಿದೆ. ಅದರಂತೆ ಲೇಖಕನ ಮರಣಾನಂತರ 60 ವರುಷಗಳವರೆಗೆ ಹಕ್ಕು ಇರುತ್ತದೆ. ಮುದ್ದಣನ ಗ್ರಂಥಗಳೂ 1942ರಲ್ಲಿ ತೀರಿಕೊಂಡ ಗಳಗನಾಥರ ಗ್ರಂಥಗಳೂ ಈಗ ಎಲ್ಲರವು, ಯಾರಾದರೂ ಅಚ್ಚು ಹಾಕಿಸಬಹುದು. ಆದರೆ ಅದೇ ಕಾಯಿದೆಯ 57ನೆಯ ಕಲಮು, ಹಕ್ಕನ್ನು ಮಾರಿದ ಮೇಲೆಯೂ ಕೃತಿಯನ್ನು ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಲೇಖಕನಿಗೆ ಉಳಿಯುತ್ತದೆಂದು ಹೇಳುತ್ತದೆ. ಹಣದ ಸಂಬಂಧ ಬೇರೆ, ಹೆಸರಿನ ಸಂಬಂಧ ಬೇರೆಯೆಂದು ಕಾನೂನೂ ಒಪ್ಪಿದಂತಾಯಿತು.

ಇಂದು ಬೇಕಾದ ಬರಹವನ್ನು ನಿಮಿಷದಲ್ಲಿ ಹುಡುಕಿ ಎತ್ತಿಕೊಳ್ಳಬಹುದು. ಪ್ರಬಂಧವನ್ನು ಯಂತ್ರವೇ ಹೆಣೆದುಕೊಡುವ ಕಾಲವೂ ಬಂದಿದೆ. ಆದುದರಿಂದ ಈ ವಿಚಾರ ಹಳೆಯದಾಗಿಲ್ಲ, ಮತ್ತಷ್ಟು ಹತ್ತಿರವಾಗಿದೆ. ಕಡ ತರುವುದರಲ್ಲಿ ಅವಮಾನವಿಲ್ಲ. ಶೇಕ್ಸ್‌ಪಿಯರನೂ ಪಂಪನೂ ತಂದಿದ್ದಾರೆ. ತಂದದ್ದನ್ನು ಹೇಳದಿರುವುದು ತಪ್ಪು, ತಂದದ್ದಕ್ಕೆ ತನ್ನದೇನನ್ನೂ ಕೂಡಿಸದಿರುವುದು ಬಡತನ. ಕಾಲೇಜಿನಲ್ಲಿ ಬರೆಯುವ ಒಂದು ಪುಟದ ಪ್ರಬಂಧದಿಂದಲೇ ‘ಇದನ್ನು ಇಂಥವರಿಂದ ತಿಳಿದೆ, ಇಷ್ಟು ನನ್ನ ವಿಚಾರ’ ಎಂದು ಬೇರ್ಪಡಿಸಿ ಹೇಳುವ ರೂಢಿಯನ್ನು ನಾವು ಮಾಡಿಕೊಂಡರೆ, ಹೆಸರಿಲ್ಲದೆ ಹೋದ ಲಾವಣಿಕಾರನಿಗೂ ಹೆಸರು ಮುಚ್ಚಿಟ್ಟು ಹೋದ ಮುದ್ದಣನಿಗೂ ಸಲ್ಲಬೇಕಾದ ಗೌರವದಲ್ಲಿ ಸ್ವಲ್ಪವನ್ನಾದರೂ ಸಲ್ಲಿಸಿದಂತಾಗುವುದು.